ಹಿಮದ ಮೇಲೆ ಮೊದಲ ಹೆಜ್ಜೆ: ಇಳಕಲ್ಲಿನಿಂದ ಗುಲ್ಮರ್ಗಕ್ಕೆ ಕಡಿಮೆ ಖರ್ಚಿನ ಪಯಣ

ಚಳಿಗಾಲ ಬಂತೆಂದರೆ ಕರ್ನಾಟಕದ ಅನೇಕ ಊರುಗಳ ಓಣಿಗಳಲ್ಲಿ ಶಾಲು, ಸ್ವೆಟರ್‌ಗಳ ಗಂಟು ಹೊತ್ತ ಕಾಶ್ಮೀರಿ ವ್ಯಾಪಾರಿಗಳು ಕಾಣಿಸಿಕೊಳ್ಳುತ್ತಾರೆ. ಅವರ ಊರಿನಲ್ಲಿ ಆಗ ಹೊಲ, ತೋಟಗಳೆಲ್ಲ ಹಿಮದಡಿ ಮಲಗಿರುತ್ತವೆ. ಡಿಸೆಂಬರ್ 21ರಿಂದ ಆರಂಭವಾಗುವ ನಲವತ್ತು ದಿನಗಳ ಕಡುಚಳಿಯನ್ನು ಅವರು ‘ಚಿಲ್ಲಯ್ ಕಲಾನ್’ ಎಂದು ಕರೆಯುತ್ತಾರೆ. ನಮ್ಮ ಇಳಕಲ್, ಹುನಗುಂದ, ಬಾಗಲಕೋಟೆಯ ಮಕ್ಕಳು ಹಿಮವನ್ನು ಕಂಡದ್ದು ಫ್ರಿಜ್ಜಿನೊಳಗೆ ಮಾತ್ರ. ಕೆಂಪು ಗ್ರಾನೈಟ್ ಮತ್ತು ಕೈಮಗ್ಗದ ಸೀರೆಯ ಈ ನಾಡಿನಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟವೆಂದರೆ ಅದು ಸಿರಿವಂತರ ಆಟ, ವಿದೇಶೀಯರ ಆಟ ಎಂಬ ಭಾವನೆಯೇ ಹೆಚ್ಚು.

ಆದರೆ ಕಾಲ ಬದಲಾಗಿದೆ. ಕಾಲೇಜಿಗೆ ಹೋಗುವ ಮಗ ಸ್ನೇಹಿತರ ಜೊತೆ ಒಮ್ಮೆ ಹಿಮ ಕಂಡು ಬಂದಿರುತ್ತಾನೆ. ಕೊಲ್ಲಿ ದೇಶದಲ್ಲಿರುವ ಅಣ್ಣ ದುಬೈನ ಒಳಾಂಗಣ ಹಿಮಾಂಗಣದಲ್ಲಿ ಒಂದಿಷ್ಟು ಕಲಿತಿರುತ್ತಾನೆ. ಅವರ ಹುರುಪಿನಿಂದ ಮನೆಯವರೆಲ್ಲ ಕಾಶ್ಮೀರಕ್ಕೆ ಹೊರಡುವ ಮಾತು ಬರುತ್ತದೆ. ಆಗ ಮನೆಯ ತಾಯಿಯೋ, ಅಕ್ಕನೋ ಹೇಳುವ ಮಾತು ಒಂದೇ: “ನೀವು ಆಡಿ ಬರ್ರಿ, ನಾ ಸಾಮಾನ ಕಾಯ್ಕೊಂತ ಕೂಡ್ತೀನಿ.” ಅಷ್ಟು ದೂರ ಹೋಗಿ, ಅಷ್ಟು ಹಣ ಕೊಟ್ಟು, ಹೋಟೆಲಿನ ಕಿಟಕಿಯಿಂದ ಹಿಮ ನೋಡಿ ಬರುವುದು ಎಂಥ ಪ್ರವಾಸ? ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲ್ಲವರನ್ನು ಮುಂದಿಟ್ಟುಕೊಂಡು ಯೋಜನೆ ಮಾಡಿದರೆ ಖರ್ಚೂ ಕಡಿಮೆಯಾಗುತ್ತದೆ, ಸಂತೋಷವೂ ಎಲ್ಲರಿಗೂ ಸಿಗುತ್ತದೆ. ಅದು ಹೇಗೆಂದು ನೋಡೋಣ.

ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ?

ಈ ಪ್ರಶ್ನೆ ಬಂದೇ ಬರುತ್ತದೆ. ಪ್ರವಾದಿವರ್ಯರು(ಸ) ಪ್ರಯಾಣದ ನಡುವೆ ಹಝ್ರತ್ ಆಇಶಾ(ರ) ಅವರೊಂದಿಗೆ ಓಟದ ಪಂದ್ಯ ಆಡಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಮೊದಲ ಬಾರಿ ಆಇಶಾ(ರ) ಗೆದ್ದರು, ಮುಂದೊಮ್ಮೆ ಪ್ರವಾದಿವರ್ಯರು(ಸ) ಗೆದ್ದರು. ಮನೆಯವರೊಂದಿಗೆ ಆಡುವುದು, ದೇಹವನ್ನು ಚುರುಕಾಗಿಡುವುದು ನಮ್ಮ ಪರಂಪರೆಗೆ ಹೊರತಾದುದಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡುವಂತೆ ಕುರ್‌ಆನ್ ಪ್ರೇರೇಪಿಸುತ್ತದೆ.

ಹಿಮವಿಲ್ಲದ ಊರಿನವರಿಗೆ ಇದು ಒಗ್ಗೀತೇ ಎಂಬ ಅನುಮಾನಕ್ಕೂ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಚಿನ್ನದ ಪದಕಗಳನ್ನು ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚನ್ನೂ ಗೆದ್ದರು. ಕೊಡಗಿನಲ್ಲಿ ಮಂಜು ಕವಿಯುತ್ತದೆ, ಹಿಮ ಬೀಳುವುದಿಲ್ಲ. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯ ಎರ್ಝುರುಮ್‌ನಲ್ಲಿ ಕಂಚು ಗೆದ್ದು, ಅಂತಾರಾಷ್ಟ್ರೀಯ ಸ್ಕೀಯಿಂಗ್ ಪದಕ ಪಡೆದ ಮೊದಲ ಭಾರತೀಯರೆನಿಸಿದರು. ಗುಲ್ಮರ್ಗದ ಕೆಳಗಿನ ತಂಗ್‌ಮರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದರು. ಅವರ ತಂದೆ ಸ್ಕೀ ಸಲಕರಣೆಗಳ ಅಂಗಡಿ ಇಟ್ಟುಕೊಂಡಿದ್ದವರು.

ನಮಗೆ ಪದಕ ಬೇಕಿಲ್ಲ. ಬೀಳದೆ ನೂರು ಮೀಟರ್ ಜಾರಿ, ಬೇಕಾದಲ್ಲಿ ನಿಲ್ಲಲು ಬಂದರೆ ಸಾಕು. ಅಷ್ಟನ್ನು ಒಂದು ವಾರದಲ್ಲಿ ಕಲಿಯಬಹುದು.

ಎಲ್ಲಿಗೆ ಹೋಗುವುದು?

ನಮ್ಮ ದೇಶದಲ್ಲಿ ಹೊಸಬರಿಗೆ ಮೂರು ಜಾಗಗಳು ಮುಖ್ಯ. ಒಂದು, ಕಾಶ್ಮೀರದ ಗುಲ್ಮರ್ಗ. ಎರಡು, ಹಿಮಾಚಲದ ಮನಾಲಿ ಸಮೀಪದ ಸೋಲಂಗ್. ಮೂರು, ಉತ್ತರಾಖಂಡದ ಔಲಿ.

ಔಲಿಯ ಇಳಿಜಾರು ಚೆನ್ನಾಗಿದೆ. ಆದರೆ ಅದರ ಕೆಳಗಿರುವ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು. ಅಲ್ಲಿಗೆ ಹೋಗುವವರು ರಸ್ತೆ, ರೋಪ್‌ವೇ ಸ್ಥಿತಿಯನ್ನು ಮೊದಲು ವಿಚಾರಿಸಬೇಕು. ಸೋಲಂಗ್‌ಗೆ ದಿಲ್ಲಿಯಿಂದ ರಾತ್ರಿ ಬಸ್ಸಿನಲ್ಲೇ ಹೋಗಬಹುದಾದ್ದರಿಂದ ಪ್ರಯಾಣ ಅಗ್ಗ. ಆದರೆ ಅಲ್ಲಿ ಹಿಮದ ಭರವಸೆ ಗುಲ್ಮರ್ಗಕ್ಕಿಂತ ಕಡಿಮೆ.

ಗುಲ್ಮರ್ಗ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಹಸಿರು ಹುಲ್ಲುಗಾವಲಾಗಿರುವ ಬೋಗುಣಿಯಂಥ ಮೈದಾನವೇ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. ಇಳಿಜಾರು ಮೃದುವಾಗಿದೆ, ಬಿದ್ದರೂ ಉರುಳಿಹೋಗುವ ಭಯವಿಲ್ಲ. ಮೇಲಕ್ಕೆ ಎಳೆದೊಯ್ಯುವ ಚಿಕ್ಕ ಹಗ್ಗದ ಲಿಫ್ಟ್‌ಗಳೂ ಇವೆ. ಹಲಾಲ್ ಊಟಕ್ಕೆ ಹುಡುಕಾಡಬೇಕಿಲ್ಲ, ಅಝಾನ್ ಕಿವಿಗೆ ಬೀಳುತ್ತದೆ. ಕೆಳಗಿನ ಇಳಿಜಾರಿನಲ್ಲಿ ಹದಿನೈದನೆಯ ಶತಮಾನದ ಸೂಫಿ ಬಾಬಾ ರೇಶಿಯವರ ದರ್ಗಾ ಇದೆ. ಇಳಕಲ್ಲಿನ ಹಝ್ರತ್ ಮುರ್ತುಝಾ ಖಾದ್ರಿಯವರ ಉರೂಸ್ ಕಂಡು ಬೆಳೆದವರಿಗೆ ಅಲ್ಲಿನ ಜನಜೀವನ ತೀರಾ ಅಪರಿಚಿತವೆನಿಸದು. ಇವೆಲ್ಲ ಮೊದಲ ಬಾರಿ ಹೊರಟ ಹೆಣ್ಣುಮಕ್ಕಳ ಅಳುಕನ್ನು ಅರ್ಧ ಕಡಿಮೆ ಮಾಡುತ್ತವೆ.

ಯಾವಾಗ ಹೋಗುವುದು?

ಹಿಮದ ದೃಷ್ಟಿಯಿಂದ ಜನವರಿ ಕೊನೆಯ ವಾರದಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಉತ್ತಮ. ಆದರೆ ಈಗಿನ ವರ್ಷಗಳಲ್ಲಿ ರಮಝಾನ್ ಇದೇ ಸಮಯಕ್ಕೆ ಬರುತ್ತಿದೆ. ಚಂದ್ರದರ್ಶನಕ್ಕೆ ಅನುಸಾರವಾಗಿ 2027ರಲ್ಲಿ ಫೆಬ್ರವರಿ ಎರಡನೆಯ ವಾರದ ಸುಮಾರಿಗೆ, 2028ರಲ್ಲಿ ಜನವರಿ ಕೊನೆಯ ಸುಮಾರಿಗೆ ಉಪವಾಸ ಆರಂಭವಾಗಲಿದೆ. ದಿನವಿಡೀ ಹಿಮದಲ್ಲಿ ಬೆವರುವ ಆಟವನ್ನು ರಮಝಾನಿನೊಂದಿಗೆ ಬೆರೆಸುವುದು ಜಾಣತನವಲ್ಲ. ಆದ್ದರಿಂದ 2027ಕ್ಕೆ ಯೋಜಿಸುವವರು ಜನವರಿ ಎರಡನೆಯ ಭಾಗವನ್ನೂ, 2028ಕ್ಕೆ ಯೋಜಿಸುವವರು ಈದ್ ಮುಗಿಸಿಕೊಂಡು ಮಾರ್ಚ್ ಆರಂಭವನ್ನೂ ನೋಡಿಕೊಳ್ಳಬಹುದು. ಮಾರ್ಚ್‌ನಲ್ಲಿ ಎಸೆಸೆಲ್ಸಿ, ಪಿಯುಸಿ ಪರೀಕ್ಷೆಗಳಿರುತ್ತವೆ ಎಂಬುದು ಮಕ್ಕಳಿರುವ ಮನೆಯವರಿಗೆ ನೆನಪಿರಲಿ.

ಹಿಮವೂ ಈಚೆಗೆ ಹೇಳಿದಂತೆ ಕೇಳುತ್ತಿಲ್ಲ. 2024ರ ಜನವರಿಯ ಬಹುಭಾಗ ಗುಲ್ಮರ್ಗ ಒಣಗಿಕೊಂಡೇ ಇತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟವನ್ನು ಹಿಮವಿಲ್ಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. ಹಾಗಾಗಿ ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಬರುತ್ತದೆ ಎಂದು ಕೇಳಿಕೊಳ್ಳದೆ ಯಾವುದಕ್ಕೂ ಪೂರ್ತಿ ಮುಂಗಡ ಕೊಡಬೇಡಿ.

ಹಣದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ದುಂದೂ ಬೇಡ, ಜಿಪುಣತನವೂ ಬೇಡ, ನಡುದಾರಿ ಇರಲಿ ಎಂದು ಕುರ್‌ಆನ್ ಕಲಿಸುತ್ತದೆ. ಸ್ಕೀ ಪ್ರವಾಸದಲ್ಲಿ ಹಣ ಹೋಗುವುದು ಐದು ಕಡೆ: ಪ್ರಯಾಣ, ವಸತಿ, ಊಟ, ಸಲಕರಣೆ ಬಾಡಿಗೆ, ಕಲಿಸುವವರ ಸಂಬಳ. ಇವನ್ನು ಬಿಡಿಬಿಡಿಯಾಗಿ ಕೊಂಡರೆ ಲೆಕ್ಕ ಕೈಮೀರುತ್ತದೆ.

ಹೊಸಬರಿಗೆ ಅಗ್ಗದ ದಾರಿ ಎಂದರೆ ಸರಕಾರಿ ಸಂಸ್ಥೆಗಳ ತರಬೇತಿ ಶಿಬಿರ. ಗುಲ್ಮರ್ಗದಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಪಹಲ್ಗಾಮ್‌ನ ಜವಾಹರ್ ಪರ್ವತಾರೋಹಣ ಸಂಸ್ಥೆಯೂ ಗುಲ್ಮರ್ಗದಲ್ಲಿ ಸ್ಕೀ ಶಿಬಿರ ನಡೆಸುತ್ತದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ವಸತಿ, ಊಟ, ಸಲಕರಣೆ, ತರಬೇತಿ ಎಲ್ಲವೂ ಒಂದೇ ಶುಲ್ಕದಲ್ಲಿ ಸೇರಿರುತ್ತವೆ. ಶುಲ್ಕ, ವಯೋಮಿತಿ, ವೈದ್ಯಕೀಯ ಪ್ರಮಾಣಪತ್ರದ ನಿಯಮಗಳು ವರ್ಷ ವರ್ಷವೂ ಬದಲಾಗುವುದರಿಂದ ಸಂಸ್ಥೆಗಳ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಿ. ಸೀಟುಗಳು ಬೇಗ ಭರ್ತಿಯಾಗುತ್ತವೆ. ಚಳಿಗಾಲದ ಶಿಬಿರಕ್ಕೆ ಮಳೆಗಾಲ ಮುಗಿಯುವಾಗಲೇ ವಿಚಾರಿಸಲು ತೊಡಗಬೇಕು.

ಅರ್ಜಿ ಹಾಕುವ ಮೊದಲು ಫೋನಿನಲ್ಲಿ ಈ ಪ್ರಶ್ನೆಗಳನ್ನು ಕೇಳಿ: ಮಹಿಳೆಯರಿಗೆ ಪ್ರತ್ಯೇಕ ಕೋಣೆ ಅಥವಾ ಡಾರ್ಮಿಟರಿ ಇದೆಯೇ? ಮಹಿಳಾ ತರಬೇತುದಾರರಿದ್ದಾರೆಯೇ? ತಾಯಿ ಮಗಳು, ಅಣ್ಣ ತಂಗಿ ಒಂದೇ ತಂಡದಲ್ಲಿ ಸೇರಬಹುದೇ? ಬಿಸಿನೀರು ಎಷ್ಟು ಹೊತ್ತು ಸಿಗುತ್ತದೆ? ಒಬ್ಬ ತರಬೇತುದಾರರ ಕೈಕೆಳಗೆ ಎಷ್ಟು ಜನ? ಹಿಮ ಬೀಳದಿದ್ದರೆ ಏನು ಮಾಡುತ್ತಾರೆ?

ನಮ್ಮ ರಾಜ್ಯ ಸರಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಯುವಕ ಯುವತಿಯರಿಗೆ ಸಾಹಸ ಕ್ರೀಡೆಗಳ ತರಬೇತಿ ನೀಡುತ್ತದೆ. ಬಾದಾಮಿಯ ಬಂಡೆಗಳ ಮೇಲೆ ಅದರ ಶಿಲಾರೋಹಣ ಶಿಬಿರಗಳು ನಡೆದಿವೆ. ಸ್ಕೀ ತರಬೇತಿಗೆ ಸಹಾಯಧನದ ಅವಕಾಶವಿದೆಯೇ ಎಂದು ಜಿಲ್ಲೆಯ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಕೇಳಿ ನೋಡಿ. ಕೇಳಿದರೆ ಕಳೆದುಕೊಳ್ಳುವುದೇನಿಲ್ಲ.

ಶಿಬಿರದಲ್ಲಿ ಸೀಟು ಸಿಗದಿದ್ದರೆ ಖಾಸಗಿಯಾಗಿ ಕಲಿಯಬೇಕಾಗುತ್ತದೆ. ಆಗ ಗುಲ್ಮರ್ಗಕ್ಕಿಂತ 13 ಕಿ.ಮೀ. ಕೆಳಗಿನ ತಂಗ್‌ಮರ್ಗ್‌ನಲ್ಲಿ ತಂಗಿದರೆ ಕೋಣೆ ಬಾಡಿಗೆ ಕಡಿಮೆ. ಮೂರು ನಾಲ್ಕು ಹೊಸಬರು ಸೇರಿ ಒಬ್ಬ ತರಬೇತುದಾರರನ್ನು ಹಂಚಿಕೊಂಡರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಸಲಕರಣೆಯನ್ನು ದಿನದ ಬದಲು ವಾರಕ್ಕೆ ಮಾತಾಡಿ. ಸ್ಕೀ, ಬೂಟುಗಳನ್ನು ಕೊಳ್ಳಲು ಹೋಗಲೇಬೇಡಿ. ಹತ್ತಾರು ಸಾವಿರ ಸುರಿದು ತಂದದ್ದು ಮರುವರ್ಷ ಅಟ್ಟ ಸೇರುತ್ತದೆ. ಯಾವುದರಲ್ಲಿ ಉಳಿಸಿದರೂ ಕಲಿಸುವವರ ಸಂಬಳದಲ್ಲಿ ಉಳಿಸಬೇಡಿ. ಕಲಿಯದೆ ಬಂದ ಪ್ರವಾಸವೇ ಎಲ್ಲಕ್ಕಿಂತ ದುಬಾರಿ.

ಮಹಿಳೆಯರ ಚೀಟಿ, ಸ್ವಸಹಾಯ ಗುಂಪುಗಳ ಉಳಿತಾಯ ನಮ್ಮಲ್ಲಿ ಹೊಸತಲ್ಲ. ತಿಂಗಳಿಗೆ ಎರಡು ಸಾವಿರದಂತೆ ಒಂದು ವರ್ಷ ಎತ್ತಿಟ್ಟರೆ 24 ಸಾವಿರ. ಒಟ್ಟು ಅಂದಾಜಿನ ಆರನೆಯ ಒಂದು ಭಾಗವನ್ನು ಮುಟ್ಟದೆ ಆಪತ್ತಿಗೆಂದು ಇಟ್ಟುಕೊಳ್ಳಿ. ಸಾಲ ಮಾಡಿ ಹೊರಡುವಂಥ ಅಗತ್ಯ ಇದಲ್ಲ.

ಹಾದಿ

ಇಳಕಲ್ಲಿನಿಂದ ಬಸ್ಸಿನಲ್ಲಿ ಹುಬ್ಬಳ್ಳಿ. ಅಲ್ಲಿಂದ ಕರ್ನಾಟಕ ಸಂಪರ್ಕ ಕ್ರಾಂತಿಯಂಥ ರೈಲುಗಳು ದಿಲ್ಲಿಯ ಹಝ್ರತ್ ನಿಝಾಮುದ್ದೀನ್ ನಿಲ್ದಾಣಕ್ಕೆ ಒಯ್ಯುತ್ತವೆ. ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ ಸಾವಿರ ರೂಪಾಯಿಯ ಆಸುಪಾಸು. ದಿಲ್ಲಿಯಿಂದ ರಾತ್ರಿ ರೈಲಿನಲ್ಲಿ ಕಟ್ರಾ. 2025ರ ಜೂನ್‌ನಲ್ಲಿ ಕಟ್ರಾ–ಶ್ರೀನಗರ ರೈಲು ಆರಂಭವಾದ ಬಳಿಕ ಹಿಮ ಬಿದ್ದು ಹೆದ್ದಾರಿ ಮುಚ್ಚಿದರೆ ಗತಿಯೇನು ಎಂಬ ಚಿಂತೆ ಬಹಳ ಕಡಿಮೆಯಾಗಿದೆ. ಚಿನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆ ದಾಟುವ ಈ ಮೂರು ಗಂಟೆಯ ಪಯಣವೇ ಒಂದು ಪ್ರವಾಸದಂತಿದೆ. ಶ್ರೀನಗರದಿಂದ ಗುಲ್ಮರ್ಗ ಸುಮಾರು 50 ಕಿ.ಮೀ. ಹಿಮ ಬಿದ್ದ ದಿನಗಳಲ್ಲಿ ತಂಗ್‌ಮರ್ಗ್‌ನಿಂದ ಮೇಲಕ್ಕೆ ಗಾಲಿಗೆ ಸರಪಳಿ ಕಟ್ಟಿದ ವಾಹನವೇ ಬೇಕು.

ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ, ಕಲಿಯಲು ಒಂದು ವಾರ, ಕೈಯಲ್ಲಿ ಒಂದೆರಡು ಹೆಚ್ಚುವರಿ ದಿನ ಎಂದು ಲೆಕ್ಕ ಹಾಕಿಕೊಳ್ಳಿ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಆ ದಿನವೇ ಮಾಡಿಸಿಬಿಡಿ. ರಜೆ ಕಡಿಮೆ ಇರುವವರು ಒಂದು ದಿಕ್ಕಿಗೆ ಮಾತ್ರ ವಿಮಾನ ಹಿಡಿಯಬಹುದು. ಇನ್ನೊಂದು ಮಾತು: ಹೊರರಾಜ್ಯದ ಪ್ರೀಪೇಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಡ್ ಇರಲಿ.

ದಾರಿಯ ಬುತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ ಕಟ್ಟಿಕೊಳ್ಳಿ. ವಾರವಾದರೂ ಕೆಡುವುದಿಲ್ಲ, ರೈಲಿನ ಊಟದ ಖರ್ಚೂ ಉಳಿಯುತ್ತದೆ.

ಉಡುಪು

ಹಿಜಾಬ್ ಪಾಲಿಸುವವರಿಗೆ ಸ್ಕೀಯಿಂಗ್ ಉಡುಪಿನಿಂದ ತೊಂದರೆಯೇ ಇಲ್ಲ. ಹಿಮದಲ್ಲಿ ಗಂಡಸರೂ ಹೆಂಗಸರೂ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡೇ ಇರುತ್ತಾರೆ. ಮೊಣಕಾಲು ಮುಟ್ಟುವ ಸಡಿಲ ಜಾಕೆಟ್, ನೀರು ಹಿಡಿಯದ ಸಡಿಲ ಪ್ಯಾಂಟ್ ಸಾಕು. ನೆಲ ಮುಟ್ಟುವ ಬುರ್ಖಾ ಮಾತ್ರ ಸ್ಕೀಗೆ ಸಿಕ್ಕಿಕೊಳ್ಳುವುದರಿಂದ ಅಪಾಯ. ತಲೆಗೆ ಉದ್ದನೆಯ ದುಪಟ್ಟಾ ಬೇಡ, ಪಿನ್ನು ಬೇಡವೇ ಬೇಡ. ಬಿದ್ದಾಗ ಪಿನ್ನು ಚುಚ್ಚುತ್ತದೆ, ತೂಗುವ ಸೆರಗು ಲಿಫ್ಟ್‌ಗೆ ಸಿಕ್ಕಬಹುದು. ತಲೆ, ಕತ್ತು ಮುಚ್ಚುವ ತೆಳ್ಳನೆಯ ಉಣ್ಣೆಯ ಟೋಪಿ ಹಾಕಿ ಮೇಲೆ ಹೆಲ್ಮೆಟ್ ಧರಿಸಿ.

ನಮ್ಮ ಹತ್ತಿ ಬಟ್ಟೆ ಇಳಕಲ್ಲಿನ ಬಿಸಿಲಿಗೆ ಹಿತ, ಹಿಮದಲ್ಲಿ ಅದೇ ಶತ್ರು. ಬೆವರು ಹೀರಿ ಒದ್ದೆಯಾದರೆ ಒಣಗದೆ ಮೈ ತಣ್ಣಗಾಗಿಸುತ್ತದೆ. ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ಹೀಗೆ ಮೂರು ಪದರ ಇರಲಿ. ಕೊಳ್ಳಬೇಕಾದದ್ದು ಎರಡು ಜೊತೆ ಥರ್ಮಲ್, ಮೂರು ಜೊತೆ ಉಣ್ಣೆಯ ಕಾಲುಚೀಲ, ಒದ್ದೆಯಾಗದ ಕೈಗವಸು, ಕಪ್ಪು ಕನ್ನಡಕ ಮತ್ತು ಬಿಸಿಲಿಗೆ ಹಚ್ಚುವ ಕ್ರೀಮ್ ಮಾತ್ರ. ಉಳಿದುದೆಲ್ಲ ಬಾಡಿಗೆಗೆ ಸಿಗುತ್ತದೆ. ಬೂಟಿನೊಳಗೆ ಒಂದೇ ಜೊತೆ ಕಾಲುಚೀಲ ಹಾಕಿ. ಎರಡು ಹಾಕಿದರೆ ರಕ್ತ ಸಂಚಾರ ಕುಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ನಮಾಝ್

ತರಬೇತಿಯ ನಡುವಿನ ಮಧ್ಯಾಹ್ನದ ವಿರಾಮದಲ್ಲಿ ಝುಹ್ರ್ ಸುಲಭವಾಗಿ ಸಿಗುತ್ತದೆ. ಲಿಫ್ಟ್‌ಗಳು ಸಂಜೆಗೆ ಮೊದಲೇ ನಿಲ್ಲುವುದರಿಂದ ಮಗ್ರಿಬ್‌ಗೆ ಆತಂಕವಿಲ್ಲ. ಕೊರೆಯುವ ನೀರಿನಲ್ಲಿ ಪದೇ ಪದೇ ಕಾಲು ತೊಳೆಯುವುದು ಕಷ್ಟವೆನಿಸಿದರೆ ಚರ್ಮದ ಕಾಲುಚೀಲದ ಮೇಲೆ ಮಸಹ್ ಮಾಡುವ ರಿಯಾಯಿತಿ ಇದೆ. ಪೂರ್ಣ ವುಝೂ ಮಾಡಿ ಅದನ್ನು ಧರಿಸಿದ್ದರೆ ಊರಲ್ಲಿರುವವರಿಗೆ ಒಂದು ಹಗಲು ರಾತ್ರಿ, ಪ್ರಯಾಣಿಕರಿಗೆ ಮೂರು ಹಗಲು ರಾತ್ರಿ ಈ ಅನುಮತಿ. ಹನಫಿಗಳಲ್ಲಿ ಒಂದು ಕಡೆ ಹದಿನೈದು ದಿನಗಳಿಗಿಂತ ಕಡಿಮೆ ತಂಗುವ ನಿಯ್ಯತ್ ಇರುವವರು ಪ್ರಯಾಣಿಕರೇ ಆದ್ದರಿಂದ ಏಳು ಅಥವಾ ಹದಿನಾಲ್ಕು ದಿನಗಳ ಶಿಬಿರದಲ್ಲಿ ಕಸ್ರ್ ಮಾಡುತ್ತಾರೆ. ಶಾಫಿಈಗಳಲ್ಲಿ ಲೆಕ್ಕ ಬೇರೆ. ಮಹ್ರಮ್ ಜೊತೆಗಿರಬೇಕಾದ ವಿಷಯವೂ ಸೇರಿದಂತೆ ಹೊರಡುವ ಮೊದಲೇ ನಿಮ್ಮ ಊರಿನ ಆಲಿಮರಲ್ಲಿ ಕೇಳಿಕೊಳ್ಳಿ.

ಮನೆಯಲ್ಲೇ ತಯಾರಿ

ಸ್ಕೀಯಿಂಗ್‌ನಲ್ಲಿ ಮೊದಲು ಸೋಲುವುದು ತೊಡೆ ಮತ್ತು ಮೊಣಕಾಲು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವ ನಮ್ಮ ಹೆಣ್ಣುಮಕ್ಕಳ ತೊಡೆಗೆ ಶಕ್ತಿ ಇದ್ದೇ ಇದೆ. ಎರಡು ತಿಂಗಳು ಮೊದಲಿನಿಂದ ದಿನಕ್ಕೆ ಇಪ್ಪತ್ತು ನಿಮಿಷ ಕೊಡಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ಅರ್ಧ ನಿಮಿಷ ನಿಲ್ಲಿ. ಒಂಟಿಕಾಲಲ್ಲಿ ನಿಂತು ತೂಕ ಕಾಯ್ದುಕೊಳ್ಳಿ. ಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯಿರಿ. ವಾರಕ್ಕೊಮ್ಮೆ ಮನೆಯವರೆಲ್ಲ ಬಾದಾಮಿಗೆ ಹೋಗಿ ಗುಹೆಗಳ ಮೆಟ್ಟಿಲು ಹತ್ತಿದರೆ ವ್ಯಾಯಾಮಕ್ಕೆ ವ್ಯಾಯಾಮ, ಸುತ್ತಾಟಕ್ಕೆ ಸುತ್ತಾಟ. ಗರ್ಭಿಣಿಯರು ಹೋಗಬಾರದು. ಉಬ್ಬಸ, ಹೃದಯದ ತೊಂದರೆ, ಮೊಣಕಾಲು ನೋವು ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು.

ಮೊದಲ ದಿನಗಳು ಹೇಗಿರುತ್ತವೆ?

ಮೊದಲ ದಿನ ಜಾರುವುದೇ ಇಲ್ಲ. ಕಲ್ಲಿನಂಥ ಬೂಟಿನಲ್ಲಿ ನಡೆಯುವುದು, ಸ್ಕೀ ಕಟ್ಟಿಕೊಂಡು ಅಡ್ಡಡ್ಡಲಾಗಿ ಏಡಿಯಂತೆ ದಿಬ್ಬ ಹತ್ತುವುದು, ಬೀಳುವುದು, ಏಳುವುದು. ಬೀಳುತ್ತೇನೆ ಎನಿಸಿದಾಗ ಪಕ್ಕಕ್ಕೆ ವಾಲಿ ಕೂತಂತೆ ಬೀಳಬೇಕು. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಡಬೇಕು, ಇಲ್ಲವಾದರೆ ಏಳುತ್ತಿದ್ದಂತೆ ಮತ್ತೆ ಜಾರುತ್ತೀರಿ. ಎರಡನೆಯ ದಿನ ನಿಲ್ಲುವ ಪಾಠ: ಎರಡೂ ಸ್ಕೀಗಳ ಮೂತಿ ಹತ್ತಿರ ತಂದು, ಹಿಂಭಾಗವನ್ನು ಅಗಲಿಸಿ ಹಿಮವನ್ನು ಒತ್ತಿದರೆ ವೇಗ ಇಳಿಯುತ್ತದೆ. ಹೊಸಬರ ಬ್ರೇಕ್ ಇದೇ. ಮೂರು, ನಾಲ್ಕನೆಯ ದಿನ ಒಂದು ಕಾಲಿನ ಮೇಲೆ ಹೆಚ್ಚು ಭಾರ ಹಾಕಿ ತಿರುಗುವುದು. ಆಮೇಲೆ ಲಿಫ್ಟ್ ಹಿಡಿದು ಮೇಲೆ ಹೋಗಿ ನಿಧಾನವಾಗಿ ಇಳಿಯುವುದು.

ಭಯವಾದಾಗ ದೇಹ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದಷ್ಟೂ ಸ್ಕೀ ಕೈತಪ್ಪುತ್ತದೆ. ಮೊಣಕಾಲು ಬಾಗಿಸಿ, ಮೊಣಕಾಲ ಕೆಳಗಿನ ಮುಂಭಾಗ ಬೂಟಿಗೆ ಒತ್ತುವಂತೆ ಮುಂದಕ್ಕೆ ಬಾಗಬೇಕು. ಎರಡನೆಯ ದಿನ ಸಂಜೆ ಮೈಯೆಲ್ಲ ನೋವು, “ನನ್ನಿಂದ ಆಗದು” ಎಂಬ ನಿರಾಸೆ ಬಹಳ ಮಂದಿಗೆ ಬರುತ್ತದೆ. ಮೂರನೆಯ ದಿನ ತಪ್ಪಿಸದೆ ಹೋದವರಿಗೆ ದಾರಿ ತೆರೆಯುತ್ತದೆ.

ಬಲ್ಲವರು ನೆನಪಿಡಬೇಕಾದದ್ದು

ಪ್ರವಾಸ ಕೆಡುವುದು ಹೆಚ್ಚಾಗಿ ಹಿಮದಿಂದಲ್ಲ, ಮನೆಯವರ ಅವಸರದಿಂದ. ಗಂಡ ಹೆಂಡತಿಗೆ, ಮಗ ತಾಯಿಗೆ ಸ್ಕೀ ಕಲಿಸಲು ಹೋಗಬೇಡಿ. ಎರಡು ಬಾರಿ ಬಿದ್ದರೆ ಹೇಳುವವರ ದನಿ ಏರುತ್ತದೆ, ಕೇಳುವವರ ಕಣ್ಣು ತುಂಬುತ್ತದೆ. ಕಲಿಸುವ ಕೆಲಸ ತರಬೇತುದಾರರಿಗೆ ಬಿಡಿ. ಬೆಳಗ್ಗೆ ಬಲ್ಲವರು ತಮ್ಮ ಇಳಿಜಾರಿಗೆ, ಹೊಸಬರು ತಮ್ಮ ಪಾಠಕ್ಕೆ ಹೋಗಲಿ. ಮಧ್ಯಾಹ್ನದ ಮೇಲೆ ಒಂದು ಗಂಟೆ ಎಲ್ಲರೂ ಹೊಸಬರ ಮೈದಾನದಲ್ಲೇ ಸೇರಲಿ. “ಇಷ್ಟೇನಾ ಕಲಿತದ್ದು?” ಎನ್ನುವ ಬದಲು “ನಿನ್ನೆಗಿಂತ ಚಲೋ ಆತು” ಎಂದರೆ ಮರುದಿನದ ಪಾಠಕ್ಕೆ ಅದೇ ಬಲ.

ಇಮಾಮರಾಗಿ ನಿಂತವರು ಹಿಂದೆ ನಿಂತ ದುರ್ಬಲರನ್ನು, ವೃದ್ಧರನ್ನು ಗಮನಿಸಿ ನಮಾಝನ್ನು ಹಗುರಗೊಳಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಆರಾಧನೆಗೇ ಆ ನಿಯಮವಿರುವಾಗ ಒಂದು ವಾರದ ಪ್ರವಾಸಕ್ಕೆ ಏಕಿರಬಾರದು?

ಎಚ್ಚರಿಕೆ

ಗುಲ್ಮರ್ಗದ ಗೊಂಡೋಲಾ ಎರಡು ಹಂತಗಳಲ್ಲಿ ಸುಮಾರು 3,950 ಮೀಟರ್ ಎತ್ತರದ ಅಫರ್‌ವತ್ ತನಕ ಹೋಗುತ್ತದೆ. ಮೊದಲ ಹಂತದವರೆಗೆ ನೋಡಿ ಬರಬಹುದು. ಎರಡನೆಯ ಹಂತದ ಇಳಿಜಾರುಗಳು ಹೊಸಬರಿಗಲ್ಲ, ಆ ಟಿಕೆಟಿನ ಹಣ ಉಳಿಸಿ. 2023ರ ಫೆಬ್ರವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಲುಕಿ ಪೋಲೆಂಡಿನ ಇಬ್ಬರು ಸ್ಕೀಪಟುಗಳು ತೀರಿಕೊಂಡರು. 2024ರಲ್ಲಿ ರಷ್ಯಾದ ಒಬ್ಬರು ಬಲಿಯಾದರು. ಹುರುಪಿನ ಹುಡುಗರು ‘ಒಂದೇ ಒಂದು ಸಲ’ ಎಂದರೂ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಗುರುತಿನ ಗೆರೆ ದಾಟಲು ಬಿಡಬೇಡಿ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿಯ ನಂತರ ಕಾಶ್ಮೀರದ ಹಲವು ತಾಣಗಳನ್ನು ಮುಚ್ಚಿ, ಹಂತ ಹಂತವಾಗಿ ತೆರೆಯಲಾಯಿತು. ಹೊರಡುವ ಮುನ್ನ ಪರಿಸ್ಥಿತಿ ವಿಚಾರಿಸಿ, ಅಧಿಕಾರಿಗಳ ಸೂಚನೆ ಪಾಲಿಸಿ. ಗುರುತಿನ ಚೀಟಿ ಸದಾ ಬಳಿಯಿರಲಿ. ಸಾಮಾನ್ಯ ಪ್ರಯಾಣ ವಿಮೆಗಳಲ್ಲಿ ಸಾಹಸ ಕ್ರೀಡೆಯ ಗಾಯಗಳು ಸೇರಿರುವುದಿಲ್ಲ. ಸ್ಕೀಯಿಂಗ್ ಸೇರಿದೆಯೇ ಎಂದು ಓದಿಯೇ ವಿಮೆ ಮಾಡಿಸಿ.

ಮದುವೆ, ಮುಂಜಿ, ಮಕ್ಕಳ ಶುಲ್ಕ, ಹಿರಿಯರ ಔಷಧಿಗಳ ನಡುವೆ ನಮ್ಮ ಮನೆಗಳ ಹೆಣ್ಣುಮಕ್ಕಳು ತಮಗಾಗಿ ಏನನ್ನಾದರೂ ಹೊಸದಾಗಿ ಕಲಿಯುವುದು ಅಪರೂಪ. ನಲವತ್ತರ ವಯಸ್ಸಿನಲ್ಲಿ ಬಿದ್ದು ಎದ್ದು ಕಲಿಯುವ ತಾಯಿಯನ್ನು ಕಂಡ ಮಗಳು, ಸೋಲಿಗೆ ಹೆದರದಿರುವುದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಈ ವರ್ಷ ಆಗದಿದ್ದರೆ ಚಿಂತೆಯಿಲ್ಲ, ಚೀಟಿ ಕಟ್ಟಿ, ಮೆಟ್ಟಿಲು ಹತ್ತಿ, ಮುಂದಿನ ವರ್ಷಕ್ಕೆ ಸಿದ್ಧರಾಗಿ. ಹೊರಟಾಗ ಸಾಮಾನು ಕಾಯುವ ಕೆಲಸವನ್ನು ಸರದಿಯಂತೆ ಎಲ್ಲರೂ ಹಂಚಿಕೊಳ್ಳಿ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ.